ಗೌರಕ್ಕನ ಹೆಸರಿನ ಲಂಗೋಟಿ

ಹೊಟ್ಟೆಕಿಚ್ಚು ಯಾರಿಗೆ ಇರುವುದಿಲ್ಲ? ಆದರೆ ಅದಕ್ಕೊಂದು ಮರ್ಯಾದೆಯ ಕಾರಣವಿರಬೇಕು. ಒಬ್ಬರಿಗೆ ಪಕ್ಕದ ಮನೆಯವರ ಕೈಯ ಬಂಗಾರದ ಪಾಟಲಿ ಕಂಡರೆ ಉರಿ, ಇನ್ನೊಬ್ಬರಿಗೆ ಗೆಳತಿಯ ಇಳಕಲ್ ಸೀರೆ, ಮತ್ತೊಬ್ಬರಿಗೆ ಎದುರುಮನೆ ಹುಡುಗಿಗೆ ಗಣಿತದಲ್ಲಿ ಬಂದ ಅಂಕ. ಇಂಥವನ್ನು ನಾಲ್ಕು ಜನರ ಮುಂದೆ ಹೇಳಿಕೊಂಡರೆ "ಪಾಪ, ಹೌದಲ್ಲ" ಎನ್ನುವವರು ಸಿಗುತ್ತಾರೆ. ನನ್ನದು ಹೇಳಿಕೊಳ್ಳುವಂಥದ್ದಲ್ಲ. ಹನ್ನೊಂದು ವರ್ಷದಿಂದ ನಾನು ಒಂದು ಲಂಗೋಟಿಯ ಸಲುವಾಗಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಅದೂ ಒಂದು ಗೇಣು ಅಗಲದ, ಕೂಸಿನ ಲಂಗೋಟಿ. ಯಾರಿಗೂ ಹೇಳದೆ ಹಾಗೆಯೇ ಮುಚ್ಚಿಟ್ಟುಕೊಂಡಿರುತ್ತಿದ್ದೆನೋ ಏನೋ. ಹೋದ ತಿಂಗಳು ನನ್ನ ತಮ್ಮನ ಹೆಂಡತಿ ನಳಿನಿ ಮುಂಬೈಯಿಂದ ಬಂದು ನಮ್ಮೂರು ವಾಡಿಯಲ್ಲಿ ಇಳಿಯದೇ ಹೋಗಿದ್ದರೆ.

ನಳಿನಿಯ ಕಂಕುಳಲ್ಲಿ ಮೂರು ತಿಂಗಳ ಕೂಸು, ಕೈಯಲ್ಲೊಂದು ಚೀಲ. ಚಹಾ ಕುಡಿಯುತ್ತ ಅವಳು ಚೀಲದಿಂದ ಒಂದು ಪುಡಿಕೆ ತೆಗೆದಳು. ಯಾರೋ ಪರದೇಶದಿಂದ ತಂದುಕೊಟ್ಟದ್ದಂತೆ. ಒಳಗೆ ಕಾಗದದಂಥ ಬಿಳಿ ಲಂಗೋಟಿಗಳು, ಒಂದರ ಮೇಲೊಂದು, ಹೊಸ ವಹಿಯ ಹಾಳೆಗಳ ಹಾಗೆ. ನಡುವೆ ಹತ್ತಿಯ ಮೆತ್ತೆ. ಎರಡೂ ಪಕ್ಕಕ್ಕೆ ಅಂಟುವ ಪಟ್ಟಿ. "ಕೂಸು ಬೆಳದಂಗ ಬೆಳದಂಗ ಈ ಪಟ್ಟಿ ಹೊರಗ ಹೊರಗ ಹಚ್ಚೋದು ಅಕ್ಕಾ. ಹೊಲಸಾತಂದ್ರ ಒಗದುಬಿಡೋದು. ತೊಳಿಯೋ ಕೆಲಸೇ ಇಲ್ಲ. ಏನು ತಲಿ ನೋಡ್ರಿ ಅವರದು!" ಎಂದಳು.

ಅವರದು! ಬಸಿಯಲ್ಲಿದ್ದ ಚಹಾ ನನ್ನ ಸೆರಗಿನ ಮೇಲೆ ಚೆಲ್ಲಿತು. ಆ ಲಂಗೋಟಿಯನ್ನು ನಾನು ಮೊದಲ ಸಲ ನೋಡುತ್ತಿರಲಿಲ್ಲ. ಅದನ್ನು ಮಾಡಿದವಳೇ ನಾನು. ಹೇಳಬೇಕೆಂದು ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು. ಅದೇಕೆ ಹಾಗಾಯಿತೆಂಬುದು ತಿಳಿಯಬೇಕಾದರೆ ನನ್ನ ನೆಗೆಣ್ಣಿ ಗೌರಕ್ಕನ ಪರಿಚಯ ನಿಮಗಾಗಬೇಕು.

ಗೌರಕ್ಕ ನನ್ನ ಭಾವನವರ ಹೆಂಡತಿ, ಮನೆಯ ಹಿರಿಯ ಸೊಸೆ. ತವರು ದಂಡೋತಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆಯಲ್ಲಿ ಮೊದಲ ಬಹುಮಾನವಾಗಿ ಬಂದ ಅಳತೆಪಟ್ಟಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಈ ಮನೆಗೆ ಬಂದು ಎರಡು ವರ್ಷವಾದರೂ ಇಲ್ಲಿ ನನ್ನ ಹೆಸರಿನದು ಎಂಬ ಒಂದು ವಸ್ತುವೂ ಇರಲಿಲ್ಲ. ರೊಟ್ಟಿ ಗೌರಕ್ಕನದು, ಶೇಂಗಾ ಹಿಂಡಿ ಗೌರಕ್ಕನದು, ಕೌದಿಯ ಹೊಲಿಗೆ ಗೌರಕ್ಕನದು. ಎಮ್ಮೆ ಕೂಡ ಗೌರಕ್ಕನ ಎಮ್ಮೆ, ನಾನು ಹತ್ತಿರ ಹೋದರೆ ಮುಖ ತಿರುಗಿಸುತ್ತಿತ್ತು. ಅತ್ತೆ ಬಂದವರಿಗೆ ನನ್ನನ್ನು ಪರಿಚಯಿಸುವಾಗ "ಇಕಿ ಸಣ್ಣ ಸೊಸಿ, ಭಾಳ ಓದ್ಯಾಳ" ಎಂದು ಅಲ್ಲಿಗೆ ನಿಲ್ಲಿಸುತ್ತಿದ್ದರು. ಆ ನಿಲುಗಡೆಯಲ್ಲಿ ಏನೇನಿತ್ತೆಂಬುದು ನನಗೆ ಗೊತ್ತು.

ಹೀಗಿರುವಾಗ ನಾದಿನಿ ಸರಸ ಬಾಣಂತನಕ್ಕೆ ಬಂದಳು. ಶ್ರಾವಣದಲ್ಲಿ ಗಂಡು ಕೂಸು. ಶ್ರಾವಣವೆಂದರೆ ಜಿಟಿಜಿಟಿ ಮಳೆ, ಒಗೆದದ್ದು ಒಣಗುವುದಿಲ್ಲ. ಒಂದು ಗಳಿಗೆ ಬಿಸಿಲು ಬಿದ್ದು ಹಗ್ಗದ ಮೇಲೆ ಹಾಕಿದರೆ, ರಾವೂರಿನ ಕಡೆಯಿಂದ ಗಾಳಿ ಬೀಸಿ ಕಲ್ಲುಗಣಿಯ ಪುಡಿಯನ್ನೆಲ್ಲ ತಂದು ಹಸಿ ಬಟ್ಟೆಯ ಮೇಲೆ ಸುರಿಯುತ್ತಿತ್ತು. ಆಮೇಲೆ ಅದು ಒಣಗಿದರೆ ಹಪ್ಪಳ. ಮಡಚಿದರೆ ಸದ್ದು ಮಾಡುತ್ತಿತ್ತು. ಕೂಸಿನ ತೊಡೆಯೆಲ್ಲ ಕೆಂಪಗೆ. ಸರಸ ಅಳುವಳು, ಕೂಸು ಅಳುವುದು, ಅತ್ತೆ ಗಾಳಿಗೆ ಬೈಯುವರು. ಒಂದು ದಿನ ಅತ್ತೆಯೇ ಹೇಳಿದರು: "ತೊಟ್ಲದಾಗ ಹಾಕೋ ದಿನ ಸುಲೇಪೇಟದ ಬೀಗರು ಬರ್ತಾರ. ಈ ಕೂಸಿನ ಅರಿವಿದೊಂದು ಬಂದೋಬಸ್ತ ಯಾರರ ಮಾಡ್ರವ್ವಾ."

ಗೌರಕ್ಕ ಬಾಯಿ ತೆರೆಯುವ ಮೊದಲೇ ನಾನು "ನಾ ಮಾಡ್ತೀನಿ ಅತ್ತಿ" ಎಂದುಬಿಟ್ಟೆ. ಬೀಗರಿಗೆ ಅನುಕೂಲವಾಗದೆ ತೊಟ್ಟಿಲು ಒಂದೂವರೆ ತಿಂಗಳಿಗೆ ಹೋಗಿತ್ತು. ನನ್ನ ಹೆಸರು ಈ ಮನೆಯಲ್ಲಿ ನಿಲ್ಲಲು ಅಷ್ಟು ದಿನ ಸಾಕೆಂದು ಲೆಕ್ಕ ಹಾಕಿದೆ.

ನನ್ನ ಯೋಚನೆ ಸರಳವಾಗಿತ್ತು. ಒಗೆದು ಒಣಗಿಸುವುದೇ ತೊಂದರೆಯಾದರೆ ಒಗೆಯುವುದೇಕೆ? ಹೊರಗೆ ಒಂದು ಲಂಗೋಟಿ, ಅದರೊಳಗೆ ತಲೆದಿಂಬಿನ ಚೀಲದಂಥ ಬಾಯಿ, ಆ ಬಾಯಲ್ಲಿ ಹತ್ತಿಯ ಮೆತ್ತೆ. ಒದ್ದೆಯಾದರೆ ಮೆತ್ತೆ ಎಳೆದು ಬಿಸಾಡುವುದು, ಹೊಸದು ತುರುಕುವುದು. ಕೂಸು ವಾರವಾರವೂ ಬೆಳೆಯುತ್ತದಲ್ಲ, ಅದಕ್ಕೆ ಸೊಂಟದ ಹತ್ತಿರ ಮೂರು ಸಾಲು ಗುಂಡಿ: ಮೊದಲನೆಯ ಸಾಲು ಮೊದಲ ಹದಿನೈದು ದಿನಕ್ಕೆ, ಎರಡನೆಯದು ತಿಂಗಳಿಗೆ, ಮೂರನೆಯದು ಎರಡು ತಿಂಗಳಿಗೆ. ಕಾನ್ವೆಂಟಿನಲ್ಲಿ ಅಳತೆಯಿಲ್ಲದೆ ಕತ್ತರಿ ಹಿಡಿದರೆ ಬೆರಳ ಗೆಣ್ಣಿನ ಮೇಲೆ ಫೂಟುಪಟ್ಟಿ ಬೀಳುತ್ತಿತ್ತು. ಆದ್ದರಿಂದ ಬೆಳಿಗ್ಗೆ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಕೂಸಿನ ಸೊಂಟ, ತೊಡೆ ಅಳೆದು ಒಂದು ವಹಿಯಲ್ಲಿ ಬರೆದಿಟ್ಟೆ. ಅತ್ತೆ ಅದನ್ನು ನೋಡಿ, "ಯಾಕ ಪುಷ್ಪಾ, ಕೂಸಿಗಿ ಕೋಟು ಹೊಲಸ್ತೀಯೇನು?" ಎಂದರು. ಹೊರಗಿನ ಬಟ್ಟೆ ಮಾತ್ರ ಮಾವನವರ ಹಳೆಯ ಧೋತರದ್ದೇ ಆಗಬೇಕೆಂದು ಅಪ್ಪಣೆಯಾಯಿತು. ನಮ್ಮಲ್ಲಿ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ಬಾಳಿ ಬದುಕಿದ ಹಿರಿಯರು ಉಟ್ಟದ್ದನ್ನೇ ಹಾಕಬೇಕು, ಆಯುಷ್ಯ ಬರುತ್ತದೆ.

ಇನ್ನು ಹತ್ತಿ. ಅದನ್ನು ನನ್ನ ಮದುವೆಯ ಗಾದಿಯ ಮೂಲೆ ಬಿಚ್ಚಿ ತೆಗೆದೆ. ದಿನಕ್ಕೆ ಹತ್ತು ಮೆತ್ತೆ ಎಂದರೆ ಎಷ್ಟು ಹತ್ತಿಯಾಗುತ್ತದೆಂಬುದು ಹೊಲಿಗೆಯ ಪುಸ್ತಕದಲ್ಲಿ ಇರುವುದಿಲ್ಲ. ವಾರ ಕಳೆಯುವಷ್ಟರಲ್ಲಿ ನಮ್ಮವರು ಗಾದಿಯ ಮೇಲೆ ಕುಳಿತು, "ಪುಷ್ಪಾ, ನಾ ಭಾರ ಆಗಾಕತ್ತೀನೋ, ಗಾದಿ ತೆಳ್ಳಗ ಆಗಾಕತ್ತದೋ?" ಎಂದು ಕೇಳಿದರು. ರೈಲ್ವೆಯಲ್ಲಿ ಕೆಲಸ ಮಾಡುವವರು. ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆ ತುಂಬಿರಬೇಕೆಂಬುದು ಅವರಿಗೆ ಗೊತ್ತಿತ್ತು. ಆದರೆ ಎಲ್ಲಿ ತುಂಬಿದೆಯೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತೊಟ್ಟಿಲಿನ ಹೊತ್ತಿಗೆ ಅವರು ಚಾಪೆಯ ಮೇಲೆ ಮಲಗಿದಂತೆಯೇ ಮಲಗುತ್ತಿದ್ದರು.

ಮೊದಲ ದಿನ ಲಂಗೋಟಿ ಹಾಕಿದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಗುಂಡಿ ಚಂದಾಗಿ ಕೂತವು. ಕೂಸು ಹಾಲು ಕುಡಿಯಿತು. ಕುಡಿದು ಮುಗಿಸುವುದರೊಳಗೆ ಒಂದು ಗುಂಡಿ ಟಪ್ಪೆಂದು ಹಾರಿ ಅತ್ತೆಯ ಎಲೆಅಡಿಕೆ ತಟ್ಟೆಯಲ್ಲಿ ಬಿತ್ತು. ಆ ಸಾಲಿನ ಉಳಿದ ಎರಡರ ಕೆಳಗೆ ಕೂಸಿನ ಹೊಟ್ಟೆಯ ಮೇಲೆ ಎರಡು ದುಂಡನೆಯ ಗುರುತು. ನಾನು ದಿನಾ ಬೆಳಿಗ್ಗೆ ಅಳೆಯುತ್ತಿದ್ದದ್ದು ಹಾಲು ಕುಡಿಯುವ ಮೊದಲಿನ ಹೊಟ್ಟೆಯನ್ನು! ಕೂಸು ವಾರಕ್ಕೊಮ್ಮೆ ಬೆಳೆಯುತ್ತದೆಂದು ತಿಳಿದಿದ್ದೆ. ಅದು ತಾಸಿಗೊಮ್ಮೆ ಬೆಳೆದು ತಾಸಿಗೊಮ್ಮೆ ಇಳಿಯುತ್ತದೆಂದು ನನಗೆ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ. ಅವರಿಗಾದರೂ ಹೇಗೆ ಗೊತ್ತಿರಬೇಕು, ಪಾಪ.

ಅದೇ ಸಂಜೆ ಎರಡನೆಯ ಪ್ರಮಾದ. ನಾನು ತಿಪ್ಪೆಗೆ ಹಾಕಿಬಂದ ಮೆತ್ತೆಗಳನ್ನು ನಾಯಿ ಎಳೆದುಕೊಂಡು ಹೋಗಿ ಓಣಿಯುದ್ದಕ್ಕೂ ಹರಡಿತ್ತು. ಅತ್ತೆ ಹಣೆ ಬಡಿದುಕೊಂಡರು. "ಕೂಸಿನ ಮೈಗಿ ಹತ್ತಿದ್ದು ಹಾದ್ಯಾಗ ಬಿದ್ದಾವ! ಮಂದಿ ದಾಟ್ಯಾರ! ಇದೇನು ಸುಧಾರಣಿನವ್ವಾ ನಿಂದು?" ಕೂಸಿನ ಬಟ್ಟೆ ದಾಟಿದರೆ ಕೂಸು ಮೈ ತುಂಬಿಕೊಳ್ಳುವುದಿಲ್ಲವೆಂಬ ನಂಬಿಕೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಬಿಸಾಡುವುದನ್ನು ಕಂಡುಹಿಡಿಯುವ ಸಂಭ್ರಮದಲ್ಲಿ, ಎಲ್ಲಿ ಬಿಸಾಡಬೇಕೆಂಬುದು ತಲೆಗೆ ಹೊಳೆದಿರಲಿಲ್ಲ. ಕೋಣೆಗೆ ಹೋಗಿ ಕಣ್ಣೀರು ಹಾಕಿದೆ. ಕಾನ್ವೆಂಟಿನಲ್ಲಿ ಕಲಿಸಿದಂತೆ, ಸದ್ದಿಲ್ಲದೆ, ಕರವಸ್ತ್ರ ಹಿಡಿದು.

ಹೊರಗೆ ಬಂದಾಗ ಗೌರಕ್ಕ ನನ್ನ ಲಂಗೋಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಗುಂಡಿಗಳನ್ನೆಲ್ಲ ಹಲ್ಲಿನಿಂದ ಕತ್ತರಿಸಿ ತಟ್ಟೆಗೆ ಹಾಕುತ್ತಿದ್ದಳು. ನನ್ನ ಕರುಳನ್ನೇ ಕತ್ತರಿಸಿದಂತಾಯಿತು.

"ಸಿಟ್ಟಾಗಬ್ಯಾಡ ತಂಗಿ. ನಿನ್ನ ಚೀಲದ ಬಾಯಿ ಭಾಳ ಛಲೋ ಅದ, ನನಗಂತೂ ಹೊಳೀತಿರಲಿಲ್ಲ. ಆದ್ರ ಗುಂಡಿಗಿ ಹೊಟ್ಟಿ ಹಸಿವು ಏನು ಗೊತ್ತು? ಕಸಿ ಹಚ್ತೀನಿ. ಕೂಸಿನ ತಲಿ ಕುಂಚಿಗಿಗಿ ಇರಲ್ಲೇನು, ಹಂಗ. ಹೊಟ್ಟಿ ಉಬ್ಬಿದ್ರ ಸಡಲ ಬಿಡು, ಇಳದ್ರ ಜಗ್ಗು. ನಾಳಿಗೂ ಬರ್ತದ, ಮುಂದಿನ ತಿಂಗಳಿಗೂ ಬರ್ತದ" ಎಂದಳು. ಎರಡೂ ಪಕ್ಕಕ್ಕೆ ಧೋತರದ ಅಂಚಿನ ಎರಡೆರಡು ಕಸಿ, ಕಟ್ಟುವ ದಾರ, ಅಷ್ಟೇ. ಮೂರು ಸಾಲು ಗುಂಡಿ ಮಾಡಲಾರದ ಕೆಲಸವನ್ನು ನಾಲ್ಕು ಚಿಂದಿ ಮಾಡಿದವು. ಆಮೇಲೆ ಹಿತ್ತಲಿಗೆ ಹೋಗಿ ನುಗ್ಗೆಗಿಡದ ಬುಡದಲ್ಲಿ ತಗ್ಗು ತೋಡಿ, "ಮೆತ್ತಿ ಇಲ್ಲಿ ಹುಗಿ. ಇದನ್ನ ಯಾರು ದಾಟ್ತಾರ?" ಎಂದಳು. ನಾನು ತಲೆಯಾಡಿಸಿದೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ತೊಟ್ಟಿಲಿನ ದಿನ ಬಂತು. ಸುಲೇಪೇಟದ ಬೀಗರು, ಎಂದರೆ ಸರಸಳ ಮಾವ, ಹಾಲಿನಂಥ ಬಿಳಿ ಧೋತರ ಉಟ್ಟು ಬಂದು ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡವರು ಕೆಳಗಿಳಿಸಲೇ ಇಲ್ಲ. ಹೆಂಗಸರೆಲ್ಲ ಉಸಿರು ಹಿಡಿದು ಆ ಧೋತರವನ್ನೇ ನೋಡುತ್ತಿದ್ದೆವು. ತಾಸು ಕಳೆಯಿತು. ಅವರೇ ಒಮ್ಮೆ ತೊಡೆ ಮುಟ್ಟಿ ನೋಡಿಕೊಂಡು, "ಅಲ್ರೀ ಬೀಗತೀ, ತಾಸು ಮ್ಯಾಲಾತು, ಧೋತರ ಹಂಗ ಒಣಾ ಅದ! ಇದೇನು ಜಾದೂರಿ? ಯಾರು ಹೊಲದದ್ದು?" ಎಂದರು.

ನಾನು ಕೈಯಲ್ಲಿ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಸೆರಗು ಸರಿಮಾಡಿಕೊಂಡೆ. ನಾಚಿಕೆಯ ಮುಖವನ್ನು ಸಿದ್ಧ ಮಾಡಿಟ್ಟುಕೊಂಡೆ. ಅತ್ತೆ ಹೆಮ್ಮೆಯಿಂದ ಹೇಳಿದರು: "ಮತ್ಯಾರು? ನಮ್ಮ ಹಿರೀ ಸೊಸಿ ಗೌರವ್ವ! ಅಕಿ ಕೈ ಹತ್ತಿದ್ರ ಸಾಕು ನೋಡ್ರಿ."

ಗೌರಕ್ಕ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು, ಕೇಳಿಸಿಕೊಳ್ಳಲೂ ಇಲ್ಲ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಲಿತವಳು ನಾನು. ಸಿದ್ಧ ಮಾಡಿಟ್ಟುಕೊಂಡಿದ್ದ ನಾಚಿಕೆಯನ್ನು ಹಾಗೆಯೇ ಮಡಚಿಕೊಂಡು ಒಳಗೆ ಹೋದೆ.

ಅಂದಿನಿಂದ ಅದು "ಗೌರಕ್ಕನ ಲಂಗೋಟಿ" ಆಯಿತು. ಓಣಿಯ ಬಾಣಂತಿಯರೆಲ್ಲ ಬಂದು ಹೊಲಿಸಿಕೊಂಡರು. ಶಹಾಬಾದ, ಚಿತ್ತಾಪುರಕ್ಕೆ ಹೋಯಿತು. ನಮ್ಮ ನುಗ್ಗೆಗಿಡ ಆ ವರ್ಷ ಕೊಂಬೆ ಬಾಗುವಂತೆ ಕಾಯಿ ಬಿಟ್ಟಿತು. ಅದಕ್ಕೂ ಗೌರಕ್ಕನ ನುಗ್ಗೆಕಾಯಿ ಎಂದೇ ಹೆಸರು. ಅದರ ಬೇರಿಗೆ ಇಳಿದದ್ದು ನನ್ನ ಮದುವೆಯ ಗಾದಿ ಎಂದು ಯಾರಿಗೆ ಹೇಳಲಿ? ಒಮ್ಮೆ ಸೇಡಂಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಗುರುತಿಲ್ಲದ ಹೆಂಗಸೊಬ್ಬರು ನನ್ನ ಪಕ್ಕ ಕೂತು, ಗೌರಕ್ಕನ ಲಂಗೋಟಿ ಹೊಲಿಯುವುದು ಹೇಗೆಂದು ನನಗೇ ಕಲಿಸಿದರು. "ಒಳಗ ಹಿಂಗ ಚೀಲ ಮಾಡಬೇಕ್ರಿ, ತಿಳೀತಿಲ್ಲೋ?" ಎಂದು ಎರಡೆರಡು ಸಲ ಹೇಳಿದರು. ಸೇಡಂ ಬರುವವರೆಗೂ ಕೇಳಿಸಿಕೊಂಡು, ಉಪಕಾರವಾಯಿತೆಂದು ಹೇಳಿ ಇಳಿದೆ.

ಈಗ ನಳಿನಿಯ ಚಹಾಕ್ಕೆ ಬರೋಣ. "ಏನು ತಲಿ ಅವರದು" ಎಂದಾಗ ನಾನು ಬಾಯಿ ತೆರೆದೆನಲ್ಲ, ಹನ್ನೊಂದು ವರ್ಷ ಕಾದ "ಇದು ನಂದು" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೇಳಿದ್ದು: "ಅವರದಲ್ಲ ನಳಿನಿ! ಇದು ನಮ್ಮ ಗೌರಕ್ಕಂದು!"

ನಂತರ ಯೋಚಿಸಿದೆ. ನೋಡದ ದೇಶದ ನೋಡದ ಜನರಿಗೆ ಆ ಲಂಗೋಟಿಯ ಹೆಸರು ಹೋಗುವುದು ನನ್ನಿಂದ ಸಹಿಸಲಾಗಲಿಲ್ಲ. ನನಗೆ ಇಲ್ಲದಿದ್ದರೆ ಬೇಡ, ನಮ್ಮ ಮನೆಯಲ್ಲಿಯಾದರೂ ಇರಲಿ ಎನಿಸಿರಬೇಕು. ಒಂದು ಹೊಟ್ಟೆಕಿಚ್ಚನ್ನು ಅದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ನುಂಗಿಬಿಟ್ಟಿತ್ತು.

ಮೂಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಗೌರಕ್ಕ ಮೊರ ಕೆಳಗಿಟ್ಟು ತಲೆಯೆತ್ತಿದಳು. "ಅಯ್ಯ, ಸುಳ್ಳು ಹೇಳಬ್ಯಾಡ ಪುಷ್ಪಾ. ಕಸಿ ಅಷ್ಟ ನಂದು. ಉಳದದ್ದೆಲ್ಲ ಇಕಿದೇ ಖರೇ ನೋಡವ್ವಾ ನಳಿನಿ. ಬಂದೋರಿಗೆಲ್ಲ ಹೇಳ್ಕೋತ ಬಂದೀನಿ, ಒಬ್ಬರೂ ನಂಬಂಗಿಲ್ಲ."

ನಳಿನಿಯ ಕಣ್ಣು ತುಂಬಿ ಬಂದವು. "ಗೌರಕ್ಕನ ಮನಸ್ಸು ಎಷ್ಟು ದೊಡ್ಡದರೀ ಅಕ್ಕಾ!" ಎಂದಳು ನನ್ನ ಕಡೆ ತಿರುಗಿ.

ಇಷ್ಟರಲ್ಲಿ ಕೂಸಿಗೆ ಹಾಲು ಕುಡಿಸಿದ್ದಾಗಿತ್ತು. ಹೊಟ್ಟೆಗೆ ಬಿಗಿಯಾಯಿತೆಂದು ನಳಿನಿ ಅಂಟುಪಟ್ಟಿ ಕಿತ್ತು ಸಡಿಲ ಮಾಡಹೋದಳು. ಒಮ್ಮೆ ಕಿತ್ತ ಪಟ್ಟಿ ಮತ್ತೆ ಅಂಟಲಿಲ್ಲ. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! "ನೋಡಿದ್ಯಾ? ಹಾಲು ಕುಡದ ಮ್ಯಾಗಿನ ಅಳತಿ ತಗೊಂಡಿಲ್ಲ ಅವರು!" ಎಂದು ಕೂಗಿದೆ. ನಾನು ಕೂಗುವಷ್ಟರಲ್ಲಿ ಗೌರಕ್ಕ ಹಳೇ ಧೋತರದ ಅಂಚು ಹರಿದು ಆ ಪರದೇಶದ ಲಂಗೋಟಿಯ ಮೇಲೊಂದು ಕಸಿ ಕಟ್ಟಿಯಾಗಿತ್ತು. ನಳಿನಿ ಹಾಗೆಯೇ ಗಾಡಿ ಹತ್ತಿದಳು.

ಮೊನ್ನೆ ಅವಳ ಕಾಗದ ಬಂತು. ಮುಂಬೈಯಲ್ಲಿ ಅವರ ಚಾಳಿನ ಹೆಂಗಸರೆಲ್ಲ ಆ ಕಸಿ ನೋಡಿ ಮೆಚ್ಚಿ ತಾವೂ ಹೊಲಿಯುತ್ತಿದ್ದಾರಂತೆ. ಗೌರಕ್ಕನಿಗೆ ಎಲ್ಲರ ನಮಸ್ಕಾರವಂತೆ. ಗೌರಕ್ಕನಿಗೆ ಓದಲು ಬರುವುದಿಲ್ಲ. ಆ ಕಾಗದವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಬೇಕಾದವಳು, ಭಾಳ ಓದಿದ ಸಣ್ಣ ಸೊಸೆ, ನಾನೇ. ಓದಿದೆ. "ಗೌರಕ್ಕನಿಗೆ" ಎಂದು ಬರೆದಿದ್ದ ಕಡೆ "ಗೌರಕ್ಕನಿಗೆ, ಪುಷ್ಪಕ್ಕನಿಗೆ" ಎಂದು ಸಣ್ಣದೊಂದು ಚೀಲದ ಬಾಯಿ ಹೊಲಿದು ಓದಿದೆ.

ಗೌರಕ್ಕ ಮೊರ ನಿಲ್ಲಿಸಿ ಕೇಳಿದಳು. "ನಿನ್ನ ಹೆಸರು ಹಿಂದ್ಯಾಕ ಹಾಕ್ಯಾಳ ಹುಚ್ಚಿ? ಮೊದಲ ಇರಬೇಕಲ್ಲ. ಜರಾ ಬರೋಬ್ಬರಿ ನೋಡು ತಂಗಿ, ಇನ್ನೊಮ್ಮಿ ಓದು" ಎಂದಳು.

ಇನ್ನೊಮ್ಮೆ ಓದಿದೆ. ಈ ಸಲ ನನ್ನ ಹೆಸರು ಮೊದಲೇ ಬಂತು.