ಹೆಡ್ಡು ಹೋಯ್ತು

ಡ್ರಾಯಿಂಗ್ ಮೇಷ್ಟ್ರ ಕಾರು ಬೆಳಗ್ಗೆ ಶಾಲೆಯ ದಾರಿಯಲ್ಲಿ ಹಿಂದಿನಿಂದ ಬಿಳಿ ಹೊಗೆ ಉಗುಳಿ, ಬಿಕ್ಕಿ ಬಿಕ್ಕಿ, ನಿಂತೇಬಿಟ್ಟಿತು. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ನೋಡಿದ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

"ಹೆಡ್ ಗ್ಯಾಸ್ಕೆಟ್ ಸುಟ್ಟಿರೋ ಹಾಗಿದೆ ಸಾರ್. ಎಂಜಿನ್ ತಲೆಗೂ ಮೈಗೂ ಮಧ್ಯೆ ಇರೋ ತೆಳು ತಗಡು ಅದು. ಸುಟ್ಟರೆ ನೀರೂ ಎಣ್ಣೇನೂ ಒಂದಾಗಿಬಿಡುತ್ತೆ. ಎಳ್ಕೊಂಡು ಹೋಗಿ ಬಿಚ್ಚಿ ನೋಡ್ತೀನಿ. ರಿಪೇರಿನೋ ಗುಜರಿನೋ, ಮಧ್ಯಾಹ್ನ ಹೇಳ್ಬಿಡಿ. ಗುಜರಿಯವನ ಲಾರಿ ಇವತ್ತು ಈ ಕಡೆ ಬರುತ್ತೆ."

ಹೇಳಿಬಿಡುವುದೇ ಮೇಷ್ಟ್ರ ಕೈಲಾಗದ ಕೆಲಸ. ಅಂಗಡಿಯಲ್ಲಿ ಅಂಗಿ ಆರಿಸುವುದಕ್ಕೂ ಅವರು ಹೆಂಡತಿಯ ಮುಖ ನೋಡಬೇಕು. ಎಂಜಿನ್ ಕೆಟ್ಟಿದೆ, ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದರೆ ಅವಳು, "ಮಾಡ್ಸಿ, ಇಲ್ಲ ಕೊಟ್ಬಿಡಿ. ಯಾವುದೋ ಒಂದು ಹೇಳಿ ಮುಗಿಸಿ, ನನ್ನ ತಲೆ ತಿನ್ಬೇಡಿ" ಎಂದಳು. ಆದರೆ ಆ ಹಳೇ ಕಾರೆಂದರೆ ಮೇಷ್ಟ್ರಿಗೆ ಪ್ರಾಣ. ಮನೆಯಲ್ಲೂ ಶಾಲೆಯಲ್ಲೂ ಅವರಿಗೆ ಬುದ್ಧಿ ಹೇಳುವವರೇ ಎಲ್ಲ. ಗಾಜು ಏರಿಸಿಕೊಂಡು ಕೂತರೆ ಯಾರೂ ಏನೂ ಹೇಳದ ಜಾಗ ಅದೊಂದೇ. ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟರೆ ಸಲಹೆಗಳ ಸುರಿಮಳೆಯಾದೀತೆಂದು ಅವರು ಈ ವಿಷಯವನ್ನೇ ಎತ್ತಲಿಲ್ಲ.

ಆ ಶಾಲೆಯ ಒಂದು ಗುಟ್ಟನ್ನು ಇಲ್ಲಿ ಹೇಳಲೇಬೇಕು. ಹೆಡ್ ಮಾಸ್ತರನ್ನು ಎದುರಿಗೆ "ಸಾರ್" ಎನ್ನುವವರೆಲ್ಲ ಬೆನ್ನ ಹಿಂದೆ "ಹೆಡ್ಡು" ಎನ್ನುತ್ತಿದ್ದರು. ಹೆಡ್ಡು ಬಂತು, ಹೆಡ್ಡು ಕೂಗಾಡ್ತು, ಹೆಡ್ಡು ರಜಾ ಕೊಡಲ್ಲ ಅಂತು. ಬಂದರು, ಹೋದರು ಎನ್ನುವಷ್ಟು ಮರ್ಯಾದೆ ಇದ್ದಿದ್ದರೆ ಅಂದಿನ ಅನಾಹುತ ನಡೆಯುತ್ತಲೇ ಇರಲಿಲ್ಲ. ಅಂದು ಹೆಡ್ಡು ಜ್ವರವೆಂದು ರಜೆಯಲ್ಲಿತ್ತು. ಕ್ಷಮಿಸಿ, ರಜೆಯಲ್ಲಿದ್ದರು.

ಮಧ್ಯಾಹ್ನ ಮೆಕ್ಯಾನಿಕ್ಕಿನ ಫೋನ್ ಬಂದಾಗ ಡ್ರಾಯಿಂಗ್ ಮೇಷ್ಟ್ರು ವರಾಂಡದ ಮೂಲೆಗೆ ಹೋದರು. ಕಂಬದ ಆಚೆ ಡ್ರಿಲ್ ಮೇಷ್ಟ್ರು ಫುಟ್‌ಬಾಲಿಗೆ ಗಾಳಿ ತುಂಬುತ್ತಿದ್ದರು.

"ಏನು, ಹೆಡ್ಡು ಹೋಯ್ತಾ? ಪೂರ್ತಿ ಹೋಯ್ತಾ?... ಬಿಸಿ ಜಾಸ್ತಿಯಾಗಿ ಹೋಗಿದ್ದಾ?... ಬಿಚ್ಚಿ ನೋಡಿದ್ರಾ? ಅಯ್ಯೋ, ಒಳಗೆಲ್ಲ ನೀರಾ!... ಬೇಡ ಬೇಡ, ಈಗ್ಲೇ ಕಳಿಸ್ಬೇಡಿ. ಸ್ವಲ್ಪ ಟೈಮ್ ಕೊಡಿ, ಹೇಳ್ತೀನಿ."

ಡ್ರಿಲ್ ಮೇಷ್ಟ್ರ ಕೈಯಿಂದ ಚೆಂಡು ಜಾರಿತು. ಜ್ವರ, ಬಿಸಿ, ಬಿಚ್ಚಿ ನೋಡಿದ್ದು, ಎಲ್ಲವೂ ತಾಳೆಯಾಯಿತು. ಅವರು ಓಡಿಹೋಗಿ ಲಾಂಗ್ ಬೆಲ್ ಬಾರಿಸಿದರು. ಮಕ್ಕಳು ಸುದ್ದಿ ಹೊತ್ತುಕೊಂಡು ಮನೆಗಳಿಗೆ ಓಡಿದರು.

ಬೆಲ್ ಯಾಕಾಯಿತೆಂದು ಡ್ರಾಯಿಂಗ್ ಮೇಷ್ಟ್ರು ಯೋಚಿಸುತ್ತಿರುವಾಗಲೇ ಲೆಕ್ಕದ ಮೇಷ್ಟ್ರು ಬಂದು ಹೆಗಲ ಮೇಲೆ ಕೈಯಿಟ್ಟರು. ಹೆಡ್ ಮಾಸ್ತರ ನಂತರ ಸೀನಿಯಾರಿಟಿಯಲ್ಲಿ ಇವರೇ.

"ಹೆಡ್ಡು ಹೋಯ್ತಂತಲ್ರೀ."

ಡ್ರಾಯಿಂಗ್ ಮೇಷ್ಟ್ರು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ತನ್ನ ಕಾರಿಗಾಗಿ ಮರುಗುವವರೂ ಇದ್ದಾರಲ್ಲ! "ಹೌದು ಸಾರ್. ಬಿಚ್ಚಿ ಕೆಳಗಿಟ್ಟಿದ್ದಾರಂತೆ."

"ಛೆ ಛೆ. ಇನ್ನು ಬೇರೆ ಹೆಡ್ಡು ಬರ್ಬೇಕು."

"ಹೊಸದು ಕಷ್ಟ ಸಾರ್. ಹಳೇದು ಯಾವುದಾದ್ರೂ ಸಿಕ್ಕಿದ್ರೆ ತಂದು ಕೂರಿಸ್ಬಹುದಂತೆ."

"ಹಳೇದೇ ವಾಸಿ ಕಣ್ರೀ, ಅನುಭವ ಇರುತ್ತೆ" ಎಂದು ಲೆಕ್ಕದ ಮೇಷ್ಟ್ರು ಶರ್ಟು ಸರಿಮಾಡಿಕೊಂಡು ನೇರ ಹೆಡ್ ಮಾಸ್ತರ ಕೋಣೆಗೆ ಹೋಗಿ, ಅವರ ಕುರ್ಚಿಯಲ್ಲಿ ಕೂತು, ಸಂತಾಪ ಸಭೆ ಕರೆದರು. ಎಲ್ಲರ ಫೋನುಗಳನ್ನೂ ಆಫ್ ಮಾಡಿಸಿದ್ದಾಯಿತು.

"ನಮ್ಮ ಹೆಡ್ ಮಾಸ್ತರು ನಮ್ಮನ್ನು ಅಗಲಿದ್ದಾರೆ" ಎಂದು ಡ್ರಿಲ್ ಮೇಷ್ಟ್ರು ಕಣ್ಣೊರೆಸಿಕೊಂಡರು.

ಡ್ರಾಯಿಂಗ್ ಮೇಷ್ಟ್ರು ಬೆಚ್ಚಿಬಿದ್ದರು. ಒಂದೇ ದಿನ ಎರಡು ಹೆಡ್ಡು! ಅಷ್ಟಾಗಿಯೂ, ಗುಜರಿ ಲಾರಿ ಬಂತೇನೋ ಎಂಬ ಚಿಂತೆ ಬಿಡದ ತನ್ನ ಬಗ್ಗೆ ಅವರಿಗೇ ನಾಚಿಕೆಯಾಯಿತು. ಎಲ್ಲರೂ ಕಣ್ಣುಮುಚ್ಚಿ ಮೌನವಾಗಿ ನಿಂತರು.

ಬಾಗಿಲು ದಡ್ಡನೆ ತೆರೆಯಿತು.

"ಯಾರನ್ನ ಕೇಳಿ ಬೆಲ್ ಹೊಡೆದ್ರಿ? ಶಾಲೆ ಹಿಂದಿನ ಮನೇಲೇ ಮಲಗಿದ್ದೀನಿ, ನನಗೆ ಕಿವಿ ಕೇಳಲ್ವಾ?" ಮಫ್ಲರ್ ಸುತ್ತಿಕೊಂಡ ಹೆಡ್ ಮಾಸ್ತರು ನಿಂತಿದ್ದರು.

ಲೆಕ್ಕದ ಮೇಷ್ಟ್ರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಅಂಟಿಕೊಂಡರು. ಡ್ರಿಲ್ ಮೇಷ್ಟ್ರ ಬೆರಳು ಡ್ರಾಯಿಂಗ್ ಮೇಷ್ಟ್ರತ್ತ ತಿರುಗಿತು. "ಇವ್ರೇ ಸಾರ್, ಹೆಡ್ಡು ಹೋಯ್ತು ಅಂತ ಫೋನಲ್ಲಿ ಹೇಳ್ತಿದ್ರು."

"ಅದು ನನ್ನ ಕಾರಿಂದು ಸಾರ್! ಎಂಜಿನ್ ಹೆಡ್ಡು. ಗ್ಯಾಸ್ಕೆಟ್ ಸುಟ್ಟು..."

ಹೆಡ್ ಮಾಸ್ತರು ಮಫ್ಲರನ್ನು ಕಿವಿಯಿಂದ ಕೆಳಗಿಳಿಸಿದರು. "ಸರಿ. ಕಾರಿನ ಹೆಡ್ಡಿಗೆ 'ಹೋಯ್ತು' ಅಂತಾರೆ. ಅದನ್ನ ಕೇಳಿ ನಾನೇ ಅಂತ ನಿಮಗೆಲ್ಲ ಹೇಗೆ ಗೊತ್ತಾಯ್ತು?"

ವಿಜ್ಞಾನದ ಮೇಡಂ ಕಿಟಕಿಯಾಚೆ ಏನನ್ನೋ ಗಮನವಿಟ್ಟು ನೋಡತೊಡಗಿದರು.

"ಈಗ ಆ ಕಾರನ್ನ ಏನ್ ಮಾಡ್ತೀರಿ?"

"ರಿಪೇರಿ ಮಾಡ್ಸೋದಾ, ಗುಜರಿಗೆ ಹಾಕೋದಾ ಅಂತ ಯೋಚ್ನೆ ಸಾರ್."

"ಗುಜರಿಗಾ?" ಹೆಡ್ ಮಾಸ್ತರ ಜ್ವರ ನೆತ್ತಿಗೇರಿತು. "ಹೆಡ್ಡಿಗೆ ಸ್ವಲ್ಪ ಹುಷಾರಿಲ್ಲ ಅಂದ್ರೆ ಗುಜರಿಗೆ ಹಾಕ್ಬಿಡೋದಾ? ರಿಪೇರಿ ಮಾಡ್ಸಿ! ಈಗ್ಲೇ ಹೋಗಿ ಮಾಡ್ಸಿ!"

ಡ್ರಾಯಿಂಗ್ ಮೇಷ್ಟ್ರಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಹುಟ್ಟಿದ ಮೇಲೆ ಮೊದಲ ಸಲ ಯಾರೋ ತನ್ನ ಮನಸ್ಸಿನಲ್ಲಿದ್ದದ್ದನ್ನೇ ಬುದ್ಧಿಯಾಗಿ ಹೇಳಿದ್ದರು. ಫೋನ್ ಆನ್ ಮಾಡುವುದನ್ನೂ ಮರೆತು ಗ್ಯಾರೇಜಿಗೆ ಓಡಿದರು.

ಗ್ಯಾರೇಜಿನಲ್ಲಿ ಕಾರಿರಲಿಲ್ಲ.

"ಲಾರಿಯವನು ಅವಸರ ಮಾಡಿದ ಸಾರ್. ನಿಮ್ಮ ಫೋನ್ ಆಫ್ ಇತ್ತು, ಮನೆಗೆ ಮಾಡ್ದೆ. ಅಮ್ಮಾವ್ರು ಕಳಿಸಿ ಅಂದ್ರು, ಕಳಿಸ್ದೆ. ಇಷ್ಟೊತ್ತಿಗೆ ಕತ್ತರಿಸೂ ಆಗಿರುತ್ತೆ" ಎಂದ ಮೆಕ್ಯಾನಿಕ್.

ಮೇಷ್ಟ್ರಿಗೆ ಅಳುವೇ ಬಂದುಬಿಟ್ಟಿತು. ಹೇಗೋ ಮನೆ ತಲುಪಿದಾಗ ಹೆಂಡತಿ ಸಪ್ಪೆ ಮುಖ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಅಳ್ಬೇಡೀಂದ್ರೆ. ನಿಮ್ಮ ಹೆಡ್ಡು ಹೋದ್ರಂತೆ, ಪಕ್ಕದ ಮನೆ ಹುಡುಗಿ ಹೇಳಿದ್ಲು. ಆಮೇಲೆ ನಿಮ್ಮ ಸ್ಕೂಲಿಂದ ಯಾರೋ ಫೋನ್ ಮಾಡಿದ್ರು. 'ಹೆಡ್ಡು ಪೂರ್ತಿ ಹೋಗಿದೆ ಅಮ್ಮಾ, ಎತ್ಕೊಂಡು ಹೋಗೋಕೆ ಗಾಡಿ ಬಂದಿದೆ, ಕಳಿಸ್ಬಿಡ್ಲಾ' ಅಂದ್ರು. ನನ್ನನ್ಯಾಕೆ ಕೇಳ್ತಾರೆ ಅನ್ನಿಸ್ತು. ಆದ್ರೂ, ಹೋದೋರನ್ನ ಎಷ್ಟು ಹೊತ್ತೂಂತ ಇಟ್ಕೊಂಡಿರೋದು? ಕಳಿಸ್ಬಿಡಿ ಅಂದೆ. ಸರಿ ಮಾಡ್ದೆ ತಾನೇ?"