ಕ್ಯಾಮೆರಾದ ಪೊರೆ ಕೆರೆದದ್ದು

ನಿಜವಾದ ಕಲೆಯೆಂದರೆ ಕಪ್ಪು-ಬಿಳುಪು ಫೋಟೊ. ಅದನ್ನು ಸುರಪುರಕ್ಕೆ ತೋರಿಸಿಕೊಡುವ ಗಂಡು ನಾನೇ! ೨೦೦೯ರ ಒಂದು ಎರಡನೇ ಶನಿವಾರ ಬೆಳಿಗ್ಗೆ, ಕಾಲುವೆ ಕಚೇರಿಯ ಗುಮಾಸ್ತ ಖಂಡಪ್ಪನಾದ ನಾನು ಹೀಗೆಂದು ಶಪಥ ಮಾಡಿದೆ. ಡಿಜಿಟಲ್ ಕ್ಯಾಮೆರಾದೊಳಗೆ ಉಗುರಿನಷ್ಟು ಸೆನ್ಸರ್ ಇರುತ್ತದೆ. ಅದರ ಮೇಲಿನ ಬಣ್ಣದ ಪೊರೆ ಕೆರೆದರೆ ಶುದ್ಧ ಕಪ್ಪು-ಬಿಳುಪು ಎಂದು ಸೈಬರ್ ಕೆಫೆಯಲ್ಲಿ ಓದಿದ್ದೆ. ಹನ್ನೆರಡು ವರ್ಷ ಕಾಲುವೆಯ ಹೂಳು ತೆಗೆಸುವ ಕಡತ ನೋಡಿದವನಿಗೆ ಒಂದು ಪೊರೆ ಯಾವ ಲೆಕ್ಕ!

ಕ್ಯಾಮೆರಾ ಮಾತ್ರ ಹೆಂಡತಿ ದೇವಕಮ್ಮನದು. ಹಳೆಯ ಸೀರೆ ತುಂಡುಗಳಿಂದ ಕೌದಿ ಹೊಲಿಯುವ ಆಕೆಗೆ ತಮ್ಮ ಕೊಟ್ಟದ್ದು. ಅಂದು ಕೌದಿಯ ಕೊನೆಯ ಅಂಚು ಹೊಲಿಯಲು ಪಕ್ಕದ ಕುಬ್ರಾಬೇಗಂ ಮನೆಗೆ ಹೋಗಿದ್ದಳು.

ಕ್ಯಾಮೆರಾ ಬಿಚ್ಚಿದೆ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಹಿಡಿದು ಸೆನ್ಸರಿನ ಮೇಲಿನ ಗಾಜು ಸಡಿಲಿಸಿದೆ. ಬಿದಿರುಕಡ್ಡಿಯಿಂದ ಕೆರೆದೆ. ಪೊರೆ ಬಂತು! ಹಿಗ್ಗಿನಲ್ಲಿ ಕೈ ಎಳ್ಳಿನಷ್ಟು ಜಾರಿತು. ಅಂಚಿನಲ್ಲಿದ್ದ, ಕೂದಲಿಗಿಂತ ತೆಳುವಾದ ಬಂಗಾರದ ತಂತಿಗಳು ಸಾಲಾಗಿ ಕಿತ್ತುಬಂದವು. ಜೋಡಿಸಿ ಗುಂಡಿ ಒತ್ತಿದೆ. ಪರದೆ ತುಂಬ ಕಪ್ಪು! ಬಿಳುಪಿನ ಸುಳಿವೇ ಇಲ್ಲ.

ಮಧ್ಯಾಹ್ನ ದೇವಕಮ್ಮ ಕೌದಿ ಹೊತ್ತು ಬಂದಳು.

"ಜಲ್ದಿ ಫೋಟೊ ತೆಗೀರಿ. ಗುಲಬರ್ಗಾದ ಕೌದಿ ಪ್ರದರ್ಶನದವರಿಗೆ ಇವತ್ತ ಐದರೊಳಗ ಸೈಬರ್ ಕೆಫೆಯಿಂದ ಮೇಲ್ ಮುಟ್ಟಬೇಕು."

"ಅದು... ಬಣ್ಣದ ಪೊರಿ ತೆಗಿಯಾಕತ್ತಿದ್ದೆ."

ಮೇಜಿನ ಮೇಲಿನ ಚೂರುಗಳನ್ನು ನೋಡಿದಳು. "ಪೊರಿ ಕ್ಯಾಮೆರಾಕ್ಕಲ್ರಿ, ನಿಮ್ಮ ಕಣ್ಣಿಗೆ ಬಂದದ! ನಾಕು ತಿಂಗಳ ಹೊಲದೀನಿ ನಾ. ನಿಮಗ ಅರ್ಧ ದಿನ ಸಾಕಾತು."

ಮನೆಯ ಮೊಬೈಲು ಮಾತಾಡಲಷ್ಟೇ ಲಾಯಕ್ಕು. ಕೌದಿ ತಲೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಓಡಿದೆ. ಮದುವೆಯ ಹಂಗಾಮು, ಫೋಟೊದವರೆಲ್ಲ ಮದುವೆಮನೆಗಳಲ್ಲಿ; ಊರಿನ ಸ್ಟುಡಿಯೋಗಳಿಗೆಲ್ಲ ಬೀಗ!

ನಾನು ಮನೆಗೆ ಮರಳಿದ ಮೇಲೆ, ನಾಲ್ಕೂವರೆಗೆ ದೇವಕಮ್ಮನೇ ಪ್ರದರ್ಶನದವರಿಗೆ ಫೋನ್ ಮಾಡಿದಳು. "ಫೋಟೊ ಇಲ್ರಿ ಮೇಡಂ. ಬಾಯಿಲೆ ಹೇಳ್ತೀನಿ, ಬರಕೋರಿ. ನಡುವಿನ ಹಸರು ನಮ್ಮವ್ವನ ಸೀರಿದು, ಆಕಿ ಹೋಗಿ ಎರಡು ವರ್ಷಾತು. ಸುತ್ತ ಕೆಂಪು ನನ್ನ ಮದುವಿದು. ಮೂಲಿಗೆ ಹಳದಿ, ಕುಬ್ರಾಬೇಗಂ ಅವರ ದುಪಟ್ಟಾ..."

ಆಚೆಯ ದನಿ ನನಗೂ ಕೇಳಿಸಿತು: "ಫೋಟೊ ಇಲ್ಲದೆ ಪಟ್ಟಿಗೆ ಸೇರಿಸಕ್ಕಾಗಲ್ಲಮ್ಮ."

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ನೆಲದ ಮೇಲೆ ಕೌದಿ ಹಾಸಿ, ಅವ್ವನ ಹಸಿರನ್ನು ಒಮ್ಮೆ ಸವರಿ, ಮಡಚತೊಡಗಿದಳು.

"ಬರೋ ತಿಂಗಳ ಹೊಸಾ ಕ್ಯಾಮೆರಾ ತರ್ತೀನಿ," ಎಂದೆ.

"ಬ್ಯಾಡ್ರಿ. ನೀವು ಬಿಚ್ಚದಂಥಾದ್ದು ಈ ಮನ್ಯಾಗ ಈ ಕೌದಿ ಒಂದೇ ಉಳದದ."

ಕೌದಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದಳು. ಕೀಲಿಯನ್ನು ಕುಬ್ರಾಬೇಗಂ ಕೈಗೆ ಕೊಟ್ಟುಬಂದಳು!