ಹನುಮಪ್ಪನಿಗೆ ಬಾಗುವ ಲಾರಿ

ಕೊಟ್ರಬಸಪ್ಪ ಸಾವುಕಾರರ ಹಳೇ ಲಾರಿ ಎಡಕ್ಕೆ ಎಳೆಯುತ್ತಿತ್ತು. ಗಂಗಾವತಿಯಿಂದ ಕನಕಗಿರಿ ಸಂತೆಗೆ ಹೋಗುವಾಗ ಡ್ರೈವರ್ ಪಕ್ಕೀರಪ್ಪ ದಾರಿಯುದ್ದಕ್ಕೂ ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದೇ ಕೂರಬೇಕು. ಅಷ್ಟು ಹಿಡಿದರೂ ಹನುಮಪ್ಪನ ಗುಡಿಯ ಮುಂದಿನ ತಗ್ಗಿಗೆ ಬಂದೊಡನೆ ಅದು ಮೊಂಡೆತ್ತಿನ ಹಾಗೆ ಗುಡಿಯ ಕಡೆ ಮೂತಿ ತಿರುಗಿಸಿಬಿಡುತ್ತಿತ್ತು.

ಅಕ್ಕಿಚೀಲಗಳ ಮೇಲೆ ಕೂತು ಸಂತೆಗೆ ಹೊರಟ ಹೆಂಗಸರಿಗೆ ಬೆರಗೋ ಬೆರಗು. "ಅಬಬಬಾ! ಕಬ್ಬಿಣಕ್ಕೂ ಭಕ್ತಿ ಐತೆವ್ವಾ!" ಎಂದು ಮೆಣಸಿನಕಾಯಿ ಮಾರುವ ಬಸವಣ್ಣೆಮ್ಮ ಗಲ್ಲ ಬಡಿದುಕೊಳ್ಳುತ್ತಿದ್ದಳು. ಬರುವಾಗ ಗುಡಿ ಬಲಕ್ಕೆ ಬೀಳುತ್ತದೆ, ಲಾರಿ ಆಗಲೂ ಎಡಕ್ಕೇ ಸರಿಯುತ್ತದಲ್ಲ ಎಂದರೆ, "ದೇವರಿಗೆ ದಾರಿ ಬಿಡತೈತಿ" ಎಂದು ಅದಕ್ಕೂ ಉತ್ತರ ತಯಾರು. ಬೇರೆ ಲಾರಿ ಖಾಲಿ ನಿಂತರೂ ಜನ ಇದಕ್ಕೇ ಕಾಯುತ್ತಿದ್ದರು.

ಪಕ್ಕೀರಪ್ಪನ ಬಲಭುಜದ ಪಾಡು ಮಾತ್ರ ಯಾರಿಗೂ ಬೇಡ. ತುತ್ತು ಬಾಯಿಗೆ ಎತ್ತಲಾಗದು. ಹೀಗೇ ನಡೆದರೆ ಲಾರಿ ಬಿಟ್ಟು ಮನೆ ಹಿಡಿಯುವುದೇ ಗತಿ. ಒಂದು ದಿನ ಸಂತೆಗೆ ಹೊರಡುವ ಮೊದಲು, ಬೆಳಕು ಹರಿಯುವಾಗಲೇ ಚಾಂದಸಾಬನ ಕುಲುಮೆಗೆ ಲಾರಿ ಒಯ್ದು ನಿಲ್ಲಿಸಿದ.

ಚಾಂದಸಾಬ ಲಾರಿಯಡಿ ತೂರಿ, ಮೈಯೆಲ್ಲ ಮಸಿ ಮಾಡಿಕೊಂಡು ಹೊರಬಂದ. "ಎಡಗಡೆ ಸ್ಪ್ರಿಂಗಿನ ಕಣ್ಣಾಗಿನ ಬುಶ್ಶು, ಆ ಹಿತ್ತಾಳಿ ಬಳಿ, ಸವದು ಹಾಳಿ ಹಂಗ ಆಗೇತಿ. ಅದಕ್ಕ ಗಾಲಿ ಓರೆ ನಿಂತಾವ. ಲಡಾಯಿ ಕಾಲ, ಹೊಸಾದು ಎಲ್ಲೂ ಸಿಗೂದಿಲ್ಲ. ಮನ್ಯಾಗ ಹಿತ್ತಾಳಿ ಐತೇನು?"

ಇತ್ತು. ಹೆಂಡತಿ ಹುಲಗಮ್ಮನ ತವರಿನ ತಂಬಿಗೆ. ಅವಳು ದನ ಹೊಡೆದುಕೊಂಡು ಹೋದ ಸಂದಿನಲ್ಲಿ ಪಕ್ಕೀರಪ್ಪ ಅದನ್ನು ಪಂಚೆಯಲ್ಲಿ ಸುತ್ತಿ ತಂದ. ಚಾಂದಸಾಬ ಹಳೇ ಬುಶ್ಶನ್ನೂ ತಂಬಿಗೆಯನ್ನೂ ಒಂದೇ ಮೂಸೆಯಲ್ಲಿ ಕರಗಿಸಿ, ಎರಕ ಹೊಯ್ದು, ಅರದಿಂದ ತಿಕ್ಕಿ, ಸ್ಪ್ರಿಂಗಿನ ಕಣ್ಣಿಗೆ ಬಡಿದು ಕೂರಿಸಿದ. ಆಮೇಲೆ ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಎಳೆದ. ಜೋಳದ ದಂಟು ಹಿಡಿದು ಮುಂದಿನ ಎರಡು ಗಾಲಿಗಳ ನಡುವಿನ ಅಂತರ ಅಳೆದ, ಬಡಿದ, ಮತ್ತೆ ಅಳೆದ. ಸುತ್ತ ನೆರೆದವರು ನಿಂಬೆಹಣ್ಣು ಕಟ್ಟು, ಉಪ್ಪು ಇಳಿಸು ಎಂದು ಸಲಹೆ ಕೊಡುತ್ತಲೇ ಇದ್ದರು.

ಚೀಲ, ಜನ ಹೇರಿಕೊಂಡು ಲಾರಿ ಸಂತೆಗೆ ಹೊರಟಿತು ನೋಡಿ! ನೂಲು ಹಿಡಿದ ಹಾಗೆ ನೆಟ್ಟಗೆ. ಪಕ್ಕೀರಪ್ಪನಿಗೆ ಇದು ತನ್ನದೇ ಲಾರಿ ಎಂದು ನಂಬಿಕೆಯೇ ಬರಲಿಲ್ಲ. ಕಣ್ಣು ತುಂಬಿ ಬಂದವು. ಪಕ್ಕದಲ್ಲಿ ಕೂತ ಸಾವುಕಾರರಿಗೆ ತೋರಿಸದೆ ಇರಲಾಗಲಿಲ್ಲ.

"ಸಾವ್ಕಾರ್ರ, ಎರಡೂ ಕೈ ಬಿಟ್ಟೀನಿ ನೋಡ್ರಿ!"

"ಎಲಾ ಇವನ! ಏನ್ ಚಂದ ಹೊಂಟೈತಲೇ!" ಸಾವುಕಾರರೂ ಬಾಯಿ ತೆರೆದರು.

ಅಷ್ಟು ಚಂದದಲ್ಲಿ ಲಾರಿ ಹನುಮಪ್ಪನ ಗುಡಿಯನ್ನು ದಾಟಿಯೇ ಹೋಯಿತು. ಮೇಲಿನಿಂದ ಒಮ್ಮೆಲೇ ಕೂಗು, ತಗಡಿನ ಮೇಲೆ ಗುದ್ದು. ಲಾರಿ ನಿಂತಿತು. ಬಸವಣ್ಣೆಮ್ಮ ಬುಟ್ಟಿ ಸಮೇತ ಕೆಳಗಿಳಿದಳು.

"ಹನುಮಪ್ಪ ಇದನ್ನ ಕೈಬಿಟ್ಟಾನವ್ವಾ! ನಾ ಇನ್ನ ಈ ಲಾರಿ ಹತ್ತೂದಿಲ್ಲ!"

ಉಳಿದವರೂ ದಡದಡ ಇಳಿದರು. ಸಾವುಕಾರರ ಮುಖ ಕಪ್ಪಿಟ್ಟಿತು. "ಪಕ್ಕೀರಪ್ಪ, ಆ ಬುಶ್ಶು ಕಿತ್ತ ಒಗದು ಹಳೇದ ಹಾಕು. ಇಲ್ಲಾಂದ್ರ ನಾಳಿಂದ ನೀ ಬರಬ್ಯಾಡ."

ಹಳೇದು ಎಲ್ಲಿಂದ ತರಬೇಕು? ಅದು ತಂಬಿಗೆಯಲ್ಲಿ ಬೆರೆತುಹೋಗಿದೆ. ಪಕ್ಕೀರಪ್ಪ ಬೆವರೊರೆಸಿಕೊಂಡು ಲಾರಿಯನ್ನು ಗುಡಿಯ ಆಚೆಯವರೆಗೆ ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಬಿಟ್ಟ. ಗುಡಿಯ ಮುಂದೆ ಯಾರಿಗೂ ಕಾಣದಂತೆ ಸ್ಟೇರಿಂಗನ್ನು ಎಡಕ್ಕೆ ತಿರುವಿದ. ಹೊಸ ಬುಶ್ಶಿನ ಲಾರಿ ಹೇಳಿದ ಮಾತು ಚಾಚೂ ತಪ್ಪದೆ ಕೇಳಿತು. ಮೆಲ್ಲಗೆ ಬಾಗಿ ಬಂದು ಗುಡಿಯ ಮೆಟ್ಟಿಲಿಗೆ ಗೇಣು ದೂರದಲ್ಲಿ ನಿಂತಿತು.

ಬಸವಣ್ಣೆಮ್ಮ ನೆಲಕ್ಕೆ ಹಣೆ ಹಚ್ಚಿದಳು. "ಯಪ್ಪಾ ಹನುಮಪ್ಪಾ! ಮೊದ್ಲ ಬರೇ ಮಾರಿ ತಿರಗಸ್ತಿತ್ತು, ಈಗ ಪಾದಕ್ಕ ಬಂತಲ್ಲೋ!"

ಎಲ್ಲರೂ ಮತ್ತೆ ಹತ್ತಿದರು. ಪಕ್ಕೀರಪ್ಪ ನಿಟ್ಟುಸಿರು ಬಿಟ್ಟು ಲಾರಿ ದಾರಿಗೆ ತಂದ. ಬಲಕ್ಕೆ ದುರಗಮ್ಮನ ಕಟ್ಟೆ ಕಂಡಿತು. ಮೇಲಿನಿಂದ ಬಸವಣ್ಣೆಮ್ಮನ ದನಿ: "ಹನುಮಪ್ಪಗ ಅಷ್ಟ ಭಕ್ತಿ ಅಂದ್ರ, ತಾಯಿಗೆ ಎಷ್ಟ ಇರಬೇಕು! ನೋಡ್ರೆವ್ವಾ, ಈಗ ನೋಡ್ರಿ!"

ಸಾವುಕಾರರು ಪಕ್ಕೀರಪ್ಪನ ಕಿವಿಯ ಬಳಿ ಬಾಗಿದರು. ಅವರು ಅವನ ಕೈಯನ್ನೇ ನೋಡುತ್ತ ಕೂತಿದ್ದರು.

"ತಿರುವಲೇ."

ತಿರುವಿದ. ದುರಗಮ್ಮನಾದ ಮೇಲೆ ಎಡಕ್ಕೆ ಬಸವಣ್ಣ, ಬಲಕ್ಕೆ ದರ್ಗಾ, ಎಡಕ್ಕೆ ಬನ್ನಿಗಿಡ. ಕನಕಗಿರಿ ಮುಟ್ಟುವವರೆಗೂ ಒಂದು ದೇವರನ್ನೂ ಬಿಡುವಂತಿರಲಿಲ್ಲ, ಬರುವಾಗ ಮತ್ತೆ ಅವೇ ದೇವರು.

ದೀಪ ಹಚ್ಚುವ ಹೊತ್ತಿಗೆ ಪಕ್ಕೀರಪ್ಪ ಮನೆಯ ಕಟ್ಟೆಯ ಮೇಲೆ ಬಂದು ಕುಸಿದ. ಹುಲಗಮ್ಮ ಎಣ್ಣೆ ಹಿಡಿದು ಬಂದಳು.

"ಯಾವ ಭುಜಕ್ಕ ಹಚ್ಚಲಿ? ಬಲಗಡೀದಕ್ಕ ಹೌದಲ್ರಿ?"

"ಎರಡಕ್ಕೂ ಹಚ್ಚು."

"ಅಯ್ಯ ನನ ಶಿವನ! ತಡೀರಿ, ಕಾಸಿದ ನೀರು ಹಾಕ್ತೀನಿ." ಒಳಗೆ ಪಾತ್ರೆ ಸದ್ದಾಯಿತು. ಆಮೇಲೆ ಸದ್ದು ನಿಂತಿತು. "ಏನ್ರೀ, ನಮ್ಮವ್ವ ಕೊಟ್ಟ ತಂಬಿಗಿ ಎಲ್ಲಿ?"